ಜಿಯೋಕ್ಯಾಚಿಂಗ್ ಆ್ಯಪ್: ಎರಡು ಮಳೆಗಾಲ ಬಳಸಿದ ಮೇಲೆ, ಧಾರವಾಡದಿಂದ

ಜಿಪಿಎಸ್ ನೆರವಿನಿಂದ, ಬೇರೆಯವರು ಬಚ್ಚಿಟ್ಟ ಡಬ್ಬಿ ಹುಡುಕುವ ಆಟದ ಆ್ಯಪ್ ಇದು. 5ಕ್ಕೆ 3 ಅಂಕ. ಆ್ಯಪ್ ಕೆಟ್ಟದ್ದು ಅಂತಲ್ಲ, ಕಳೆದ ಎರಡು ಅಂಕ ನಮ್ಮ ಕಡೆಯ ಖಾಲಿ ನಕ್ಷೆಗೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸುತ್ತ ಬಚ್ಚಿಟ್ಟ ಡಬ್ಬಿಗಳು ಬಲು ವಿರಳ. ಹಾಗಾಗಿ ಮೊದಲ ದಿನವೇ ಪ್ರೀಮಿಯಂ ಸದಸ್ಯತ್ವಕ್ಕೆ ದುಡ್ಡು ಕಟ್ಟಬೇಡಿ. ಉಚಿತ ಖಾತೆ ಸಾಕು. ಆಂಡ್ರಾಯ್ಡ್ ಫೋನಿದ್ದರೆ ಸಿ-ಜಿಯೋ ಎಂಬ ಉಚಿತ ಆ್ಯಪ್ ಅದೇ ಖಾತೆಯಲ್ಲಿ ನಡೆಯುತ್ತದೆ. ಡಬ್ಬಿಯ ವಿವರ, ನಕ್ಷೆ ಎರಡನ್ನೂ ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆ ಪರದಾಟವಿಲ್ಲ.

ಆಟ ಇಷ್ಟೇ: ಒಬ್ಬರು ಡಬ್ಬಿ ಬಚ್ಚಿಟ್ಟು ಅಕ್ಷಾಂಶ-ರೇಖಾಂಶ ಕೊಡುತ್ತಾರೆ, ಉಳಿದವರು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು-ದಿನಾಂಕ ಬರೆದು, ಇದ್ದಲ್ಲೇ ಇಡುತ್ತಾರೆ. ಡಬ್ಬಿಯೊಳಗಿನ ಆಟಿಕೆ ಒಯ್ದರೆ ಅಷ್ಟೇ ಬೆಲೆಯದ್ದನ್ನು ಬಿಡಬೇಕು. 2000ರ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರ ನಾಗರಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುವುದನ್ನು ನಿಲ್ಲಿಸಿತು. ಮೇ 3ರಂದೇ ಡೇವ್ ಉಲ್ಮರ್ ಎಂಬಾತ ಅಮೆರಿಕದ ಆರೆಗಾನ್‌ನಲ್ಲಿ ಈ ಆಟದ ಮೊದಲ ಡಬ್ಬಿಯಾಗಿ ಒಂದು ಬಕೆಟ್ ಬಚ್ಚಿಟ್ಟ.

ಆ್ಯಪ್‌ನಲ್ಲಿ ಪ್ರತಿ ಡಬ್ಬಿಗೂ ಎರಡು ಅಂಕ: ಹುಡುಕುವ ಕಷ್ಟ, ನೆಲದ ಕಷ್ಟ, ಎರಡೂ 1ರಿಂದ 5. ಸಣ್ಣ ಮಕ್ಕಳಿದ್ದರೆ ಎರಡೂ 1.5 ದಾಟದಂತೆ ಆರಿಸಿ. ಗಾತ್ರವನ್ನೂ ನೋಡಿ: ಮೈಕ್ರೊ ಎಂದರೆ 100 ಮಿಲಿಗಿಂತ ಚಿಕ್ಕದು, ಅದರಲ್ಲಿ ಆಟಿಕೆ ಹಿಡಿಸುವುದಿಲ್ಲ. ಕಡೆಯ ಎರಡು ಮಂದಿ ‘ಸಿಗಲಿಲ್ಲ’ ಎಂದು ಬರೆದಿದ್ದರೆ ಅತ್ತ ಹೋಗಲೇಬೇಡಿ. ಎರಡು ಸಲ ಬರಿಗೈಲಿ ಬಂದ ಹುಡುಗ ಮೂರನೇ ಸಲ ಚಪ್ಪಲಿ ಹಾಕುವುದಿಲ್ಲ.

ಹೊಸಬರು ಎಡವುವುದು ಅಂಕಿಯಲ್ಲಿ. ಇಲ್ಲಿ ಸ್ಥಳವನ್ನು ಡಿಗ್ರಿ ಮತ್ತು ದಶಮಾಂಶ ಮಿನಿಟಿನಲ್ಲಿ ಬರೆಯುತ್ತಾರೆ: ಉತ್ತರ 15° 27.500. ಇದನ್ನು ಗೂಗಲ್ ಮ್ಯಾಪ್‌ಗೆ 15.27500 ಎಂದು ಕೊಟ್ಟರೆ ಧಾರವಾಡದಿಂದ ಸುಮಾರು 20 ಕಿ.ಮೀ. ದಕ್ಷಿಣಕ್ಕೆ ಒಯ್ದು ನಿಲ್ಲಿಸುತ್ತದೆ. 27.5ನ್ನು 60ರಿಂದ ಭಾಗಿಸಬೇಕು, ಸರಿಯಾದ ಅಂಕಿ 15.45833. ಇಲ್ಲವೇ ನಡುವೆ ಚುಕ್ಕೆಯ ಬದಲು ಜಾಗ ಬಿಟ್ಟು 15 27.500 ಎಂದೇ ಬರೆದು, ಅಲ್ಪವಿರಾಮ ಹಾಕಿ, ರೇಖಾಂಶವನ್ನೂ ಹಾಗೇ ಸೇರಿಸಿದರೆ ಮ್ಯಾಪ್ ಅರ್ಥಮಾಡಿಕೊಳ್ಳುತ್ತದೆ.

ಬಯಲಲ್ಲಿ ಫೋನು 3–5 ಮೀಟರ್ ಒಳಗೆ ತಲುಪಿಸುತ್ತದೆ. ದಟ್ಟ ಮರ, ಎತ್ತರದ ಗೋಡೆ ಪಕ್ಕ 10 ಮೀಟರ್ ದಾಟಿಯೂ ತಪ್ಪಬಹುದು. ಕಬ್ಬಿಣದ ಗೇಟು, ಬೈಕಿನ ಬಳಿ ದಿಕ್ಸೂಚಿ ಮುಳ್ಳು ಓಲಾಡುತ್ತದೆ, ದೂರ ಸರಿದು ಫೋನನ್ನು ಗಾಳಿಯಲ್ಲಿ 8ರ ಆಕಾರದಲ್ಲಿ ತಿರುಗಿಸಿ. ಕಡೆಯ ಹತ್ತು ಹೆಜ್ಜೆಗೆ ಫೋನು ಕಿಸೆಯಲ್ಲಿರಲಿ, ಕಣ್ಣು ಕೆಲಸ ಮಾಡಲಿ. ಕಲ್ಲಿನ ಸಂದಿಗೆ ಕೈ ಮೊದಲಲ್ಲ, ಕೋಲು ಮೊದಲು. ಚೇಳು, ಹಾವು ನಮ್ಮಲ್ಲಿ ಕತೆಯ ಮಾತಲ್ಲ.

ಹತ್ತಿರದ ಡಬ್ಬಿಗಳು ಮುಗಿದ ಮೇಲೆ? ಆ್ಯಪ್ ಬದಿಗಿಟ್ಟು ಮನೆಯವರೇ ಆಡುವುದು ಲೇಸು. ಉಣಕಲ್ ಕೆರೆಯ ಉದ್ಯಾನ, ಸಾಧನಕೇರಿ, ನೃಪತುಂಗ ಬೆಟ್ಟದಂಥ ಕಡೆ ಉಸ್ತುವಾರಿಯವರಿಗೆ ಹೇಳಿ ಐದು ಡಬ್ಬಿ ಇಡಿ, ಒಂದರಿಂದ ಇನ್ನೊಂದಕ್ಕೆ ಕನಿಷ್ಠ 40 ಮೀಟರ್ ಇರಲಿ. ಹತ್ತಿರವಿದ್ದರೆ ಜಿಪಿಎಸ್ ತಪ್ಪಿನಲ್ಲಿ ಒಂದಕ್ಕೊಂದು ಕಲಸಿಹೋಗುತ್ತವೆ. ಪ್ರತಿ ಡಬ್ಬಿಯ ಚೀಟಿಯಲ್ಲಿ ಮುಂದಿನದರ ಅಂಕಿ. ಸಂಜೆ ಐದನ್ನೂ ಎಣಿಸಿ ಮನೆಗೆ ತನ್ನಿ.

ಡಬ್ಬಿ ಯಾವುದು? ರಬ್ಬರ್ ಪಟ್ಟಿ ಇರುವ, ನಾಲ್ಕೂ ಕಡೆ ಕ್ಲಿಪ್ ಬೀಳುವ ಪ್ಲಾಸ್ಟಿಕ್ ಡಬ್ಬಿ ಮಳೆಗೆ ತಾಳುತ್ತದೆ. ಪಟ್ಟಿಗೆ ಮಣ್ಣು ಮೆತ್ತಿದರೆ ಅದೂ ಸೋರುತ್ತದೆ. ಉಪ್ಪಿನಕಾಯಿ ಡಬ್ಬಿ ಎಷ್ಟು ತೊಳೆದರೂ ವಾಸನೆ ಬಿಡದು, ಇರುವೆ ಬಂದೇ ಬರುತ್ತವೆ. ಬಹುಮಾನಕ್ಕೆ ಪೇಡೆ ಇಡಬೇಕೆಂದು ಮಕ್ಕಳು ಹಟ ಹಿಡಿದರೂ ತಿಂಡಿ ಬೇಡ, ಅದು ಮನೆಗೆ ಬಂದ ಮೇಲೆ. ಜೆಲ್ ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ, ಪೆನ್ಸಿಲ್ ಇಡಿ.

ಅಧಿಕೃತವಾಗಿ ಡಬ್ಬಿ ಪ್ರಕಟಿಸುವವರಿಗೆ ನಿಯಮ ಬಿಗಿ: ಇನ್ನೊಂದು ಡಬ್ಬಿಯಿಂದ 161 ಮೀಟರ್ ದೂರ, ಜಾಗದವರ ಒಪ್ಪಿಗೆ, ಆಗಾಗ ಹೋಗಿ ನೋಡಿಕೊಳ್ಳುವ ಹೊಣೆ. ಸ್ವಯಂಸೇವಕ ಪರಿಶೀಲಕರು ಒಪ್ಪಿದ ಮೇಲೆಯೇ ನಕ್ಷೆಗೆ ಬರುತ್ತದೆ. ಬೇರೆ ಬೇರೆ ದಿನ ಮೂರ್ನಾಲ್ಕು ಸಲ ಅಂಕಿ ತೆಗೆದು ಸರಾಸರಿ ಕೊಡಿ. ಡಬ್ಬಿ ಪಾರದರ್ಶಕವಾಗಿರಲಿ, ಮೇಲೆ ‘ಇದು ಆಟದ ಡಬ್ಬಿ’ ಎಂದು ಕನ್ನಡದಲ್ಲಿ ಬರೆದಿರಲಿ. ರೈಲು ನಿಲ್ದಾಣ, ಸಂತೆಯಂಥ ಕಡೆ ವಾರಸುದಾರರಿಲ್ಲದ ಡಬ್ಬಿ ಕಂಡರೆ ಪೊಲೀಸರು ಬರುತ್ತಾರೆ, ಬರಲೇಬೇಕು.

ಕಪ್ಪತಗುಡ್ಡ ವನ್ಯಜೀವಿಧಾಮ, ಅಲ್ಲಿ ಡಬ್ಬಿ ಇಡುವ ಯೋಚನೆಯೇ ಬೇಡ. ಲಕ್ಕುಂಡಿಯ ಗುಡಿಗಳೊಳಗೂ ಅಷ್ಟೇ. ಅಲ್ಲಿಗೆ ಹೊಂದುವುದು ಮಲ್ಟಿ ಎಂಬ ಬಗೆ: ಮುಸುಕಿನ ಬಾವಿಯ ಬಳಿ ಏನನ್ನಾದರೂ ಎಣಿಸಿ, ಆ ಸಂಖ್ಯೆಯಿಂದ ಲೆಕ್ಕ ಹಾಕಿ, ಡಬ್ಬಿ ಮಾತ್ರ ಒಪ್ಪಿಗೆ ಸಿಕ್ಕ ಬೇರೆ ಜಾಗದಲ್ಲಿ.

ಕಾಲ: ನವೆಂಬರ್‌ನಿಂದ ಫೆಬ್ರುವರಿ. ಏಪ್ರಿಲ್‌ನಲ್ಲಿ ಹತ್ತು ಗಂಟೆಯೊಳಗೆ ಮುಗಿಸಿ. ಮಳೆ ಬಿದ್ದ ಮಾರನೇ ದಿನ ಎರಿ ಹೊಲದ ದಾರಿ ಹಿಡಿದರೆ ಒಂದೊಂದು ಚಪ್ಪಲಿಗೂ ಅರ್ಧ ಕಿಲೋ ಮಣ್ಣು, ಮಕ್ಕಳನ್ನು ಹೊತ್ತೇ ಬರಬೇಕಾದೀತು.