ಪಿಎಂಎಫ್‌ಎಂಇ ಸಾಲ, ತರಬೇತಿ, ರೈತರ ಕಂಪನಿ: ಪಾಂಡವಪುರದ ಆಲೆಮನೆಯಿಂದ ಮೂರು ವರ್ಷದ ವಿಮರ್ಶೆ

ಕಳೆದ ತಿಂಗಳು ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸಿದೆ. ಸಬ್ಸಿಡಿ ಹಣ ಸಾಲಕ್ಕೆ ಜಮಾ ಆಗಿತ್ತು. ಬಾಕಿ ಸೊನ್ನೆ. ಬೆಲ್ಲ ಮಾಡುವ ನಮ್ಮ ಆಲೆಮನೆಗೆ ಪಿಎಂಎಫ್‌ಎಂಇ ಯೋಜನೆಯಲ್ಲಿ 2022ರಲ್ಲಿ ತೆಗೆದ ಸಾಲ ಅದು. ಪೂರ್ತಿ ಮುಗಿಯುವ ತನಕ ಬರೆಯಬಾರದು ಅಂತಲೇ ಕಾದಿದ್ದೆ. ಅರ್ಜಿ ಹಾಕಿದ ವಾರಕ್ಕೇ ಹೊಗಳಿದವರು, ಬೈದವರು ನಮ್ಮ ಸುತ್ತಮುತ್ತ ಬೇಕಾದಷ್ಟು ಜನ ಇದ್ದಾರೆ. ಕೊನೆಯವರೆಗೂ ಹೋದವರ ಮಾತು ಸಿಗುವುದು ಕಡಿಮೆ.

ನಮ್ಮದು ಪಾಂಡವಪುರ ತಾಲ್ಲೂಕು. ಕೆಆರ್‌ಎಸ್‌ನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರಲ್ಲಿ ನಾಲ್ಕು ಎಕರೆ ಕಬ್ಬು, ಎರಡು ಹಸು, ಮಾವನವರ ಕಾಲದ ಆಲೆಮನೆ. ಗಾಣ ಹಳೆಯದಾಗಿ ರಸ ಸರಿಯಾಗಿ ಇಳಿಯುತ್ತಿರಲಿಲ್ಲ. ಹೊಸದು ಹಾಕಿಸಲು ಕೈಯಲ್ಲಿ ದುಡ್ಡಿಲ್ಲ. ಆಗ ಪಿಎಂಎಫ್‌ಎಂಇ ಬಗ್ಗೆ ಗೊತ್ತಾಯಿತು. ಸಣ್ಣ ಆಹಾರ ಘಟಕಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ ಯೋಜನೆ. ಜಿಲ್ಲೆಗೊಂದು ಉತ್ಪನ್ನ ಅಂತ ಗುರುತಿಸಿದ್ದಾರೆ. ಮಂಡ್ಯಕ್ಕೆ ಬೆಲ್ಲ, ಮೈಸೂರಿಗೆ ಬಾಳೆ. ಯೋಜನಾ ವೆಚ್ಚದಲ್ಲಿ ಶೇ 35 ಸಬ್ಸಿಡಿ. ಅದಕ್ಕೆ ಕರ್ನಾಟಕ ಸರ್ಕಾರ ಶೇ 15 ಸೇರಿಸುತ್ತಿತ್ತು. ಎರಡೂ ಸೇರಿ ಅರ್ಧ, ಹೆಚ್ಚೆಂದರೆ 15 ಲಕ್ಷ. ನಾವು ಕನಿಷ್ಠ ಶೇ 10 ಹಾಕಬೇಕಿತ್ತು.

ಗಾಣ, ಸ್ಟೀಲ್ ಕೊಪ್ಪರಿಗೆ, ಅಚ್ಚುಗಳು, ಪ್ಯಾಕಿಂಗ್ ಮೆಷಿನ್, ನೆಲಕ್ಕೆ ಟೈಲ್ಸ್ ಎಲ್ಲ ಸೇರಿ ನಮ್ಮದು 8 ಲಕ್ಷದ ಯೋಜನೆ. 80 ಸಾವಿರ ನಮ್ಮದು, 7.20 ಲಕ್ಷ ಬ್ಯಾಂಕಿನ ಸಾಲ, ನನ್ನ ಹೆಸರಿನಲ್ಲಿ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ. ಸಬ್ಸಿಡಿ ನಮ್ಮ ಕೈಗೆ ಬರುವುದಿಲ್ಲ. ನಮ್ಮ 4 ಲಕ್ಷ ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕೂತಿತ್ತು. ಮೂರು ವರ್ಷ ಕಂತು ತಪ್ಪದೆ ಕಟ್ಟಿ, ಘಟಕ ನಡೆಯುತ್ತಿದ್ದರೆ ಮಾತ್ರ ಅದು ಸಾಲಕ್ಕೆ ಹೊಂದಾಣಿಕೆ ಆಗುತ್ತದೆ. ಮಧ್ಯದಲ್ಲಿ ಕಂತು ಕಟ್ಟಲಾಗದೆ ಸಾಲ ಕೆಟ್ಟರೆ ಸಬ್ಸಿಡಿಯೂ ಹೋಯಿತು. "ಅರ್ಧ ದುಡ್ಡು ಸರ್ಕಾರ ಕೊಡ್ತದೆ" ಅಂತ ಹೇಳಿಕೊಂಡು ಬರುವವರು ಇದನ್ನು ಮಾತ್ರ ಹೇಳುವುದಿಲ್ಲ.

ಇಡೀ ಯೋಜನೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅನ್ನುವ ವ್ಯವಸ್ಥೆ. ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದು, ಆನ್‌ಲೈನ್ ಅರ್ಜಿ, ಉದ್ಯಮ್ ನೋಂದಣಿ, ಆಹಾರ ಸುರಕ್ಷತಾ ನೋಂದಣಿ ಎಲ್ಲಕ್ಕೂ ಅವರು ಜೊತೆಗಿರುತ್ತಾರೆ. ಅವರಿಗೆ ದುಡ್ಡು ಕೊಡುವುದು ಸರ್ಕಾರ. ನಾವು ಒಂದು ಪೈಸೆಯೂ ಕೊಡಬೇಕಿಲ್ಲ. ನಮಗೆ ಸಿಕ್ಕವರು ಒಳ್ಳೆಯ ಹುಡುಗ. ಮೊದಲು ಹೋದ ಬ್ಯಾಂಕ್ ಶಾಖೆಯಲ್ಲಿ ಜಮೀನು ಅಡಮಾನ ಇಡಿ ಅಂದರು. ಎರಡು ತಿಂಗಳು ಓಡಾಡಿಸಿದರು. 10 ಲಕ್ಷದವರೆಗಿನ ಸಣ್ಣ ಉದ್ಯಮದ ಸಾಲಕ್ಕೆ ಅಡಮಾನ ಕೇಳುವ ಹಾಗಿಲ್ಲ ಅನ್ನುವುದು ಆಗ ಇದ್ದ ರಿಸರ್ವ್ ಬ್ಯಾಂಕಿನ ನಿಯಮ. ನನಗೆ ಅದು ಗೊತ್ತಿರಲಿಲ್ಲ. ಆ ಹುಡುಗ "ಅಕ್ಕಾ, ಪಹಣಿ ಕೊಡಬೇಡಿ, ಬನ್ನಿ ಬೇರೆ ಕಡೆ ಹೋಗೋಣ" ಅಂದ. ಬೇರೆ ಶಾಖೆಯಲ್ಲಿ ಐದು ವಾರಕ್ಕೆ ಸಾಲ ಮಂಜೂರಾಯಿತು.

ಸಾಲದ ಜೊತೆ ತರಬೇತಿಯೂ ಉಂಟು. ಸುಮ್ನೆ ಸರ್ಟಿಫಿಕೇಟಿಗೆ ಅಂತ ಹೋಗಿದ್ದೆ. ಬೆಲ್ಲ ಬೆಳ್ಳಗಾಗಲು ಹಾಕುವ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕದೆ ಬೆಂಡೆ ಗಿಡದ ಲೋಳೆಯಲ್ಲಿ ರಸದ ಕೊಳೆ ತೆಗೆಯುವುದು ನಮ್ಮ ಮನೆಯವರಿಗೆ ಮೊದಲೇ ಗೊತ್ತಿತ್ತು. ಆದರೆ ಎರಡನೇ ದಿನ ಲೆಕ್ಕದ ಪಾಠ ಬಂತು. ಒಂದು ಅಡುಗೆಯ, ಅಂದರೆ ಒಂದು ಕೊಪ್ಪರಿಗೆ ರಸ ಕಾಯಿಸಿ ಬೆಲ್ಲ ಮಾಡುವ ಖರ್ಚು ಬರೆಯಲು ಹೇಳಿದರು. ಕೂಲಿ, ಉರುವಲು, ಸುಣ್ಣ, ಕರೆಂಟು ಅಂತ ಬರೆದೆ. ಪಾಠ ಮಾಡುವವರು ನೋಡಿ ಕೇಳಿದರು.

"ಕಬ್ಬಿನ ರೇಟು ಎಲ್ಲಿ ಅಕ್ಕಾ?"

"ಅದು ನಮ್ದೇ ಅಲ್ವಾ ಸಾರ್."

"ನಿಮ್ದಾದ್ರೆ ಬಿಟ್ಟಿನಾ? ಕಾರ್ಖಾನೆಗೆ ಹಾಕಿದ್ರೆ ದುಡ್ಡು ಕೊಡ್ತಿರಲಿಲ್ವಾ?"

ಆವತ್ತು ಅಲ್ಲೇ ಕೂತು ಹಾಕಿದ ಲೆಕ್ಕ ಇನ್ನೂ ನೆನಪಿದೆ. 2022-23ರ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕಬ್ಬಿಗೆ ಕೊಡಬೇಕು ಅಂತ ಕೇಂದ್ರ ಗೊತ್ತು ಮಾಡುವ ಬೆಲೆ, ಕ್ವಿಂಟಲ್‌ಗೆ 305 ರೂ., ಅದೂ ಶೇ 10.25 ಸಕ್ಕರೆ ಇಳುವರಿಗೆ. ನಮ್ಮ ಕಡೆ ಇಳುವರಿ ಕಡಿಮೆ. ಸಾಗಣೆಯನ್ನೂ ಕಳೆದು ಟನ್ನಿಗೆ 2,700 ಅಂತ ಹಿಡಿದೆ. ಒಂದು ಟನ್ ಕಬ್ಬಿಗೆ ಸುಮಾರು 100 ಕೆ.ಜಿ. ಬೆಲ್ಲ. ಅಂದರೆ ಕೆ.ಜಿ.ಗೆ ಕಬ್ಬಿನದೇ 27 ರೂ. ಬೆಲ್ಲ ಮಾಡುವ ಖರ್ಚು, ಸವಕಳಿ ಸೇರಿ ಇನ್ನೊಂದು 9. ಒಟ್ಟು 36. ಆ ವರ್ಷ ನಾವು ಮಂಡಿಯಲ್ಲಿ ಬಿಟ್ಟದ್ದು 34ಕ್ಕೆ. ನಾನು, ಯಜಮಾನರು, ಮೈದುನ ನಸುಕಿನಿಂದ ರಾತ್ರಿವರೆಗೆ ದುಡಿದು, ಕೆ.ಜಿ.ಗೆ 2 ರೂ. ಕೈಯಿಂದ ಹಾಕಿದ್ದೆವು. ನಮ್ಮ ಮೂವರ ಕೂಲಿಯನ್ನು ಇನ್ನೂ ಬರೆದೇ ಇರಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಅಳು ಬಂದಿತ್ತು.

ಅವತ್ತಿನಿಂದ ದಿನಾ ರಾತ್ರಿ ಪುಸ್ತಕ ಬರೆಯುತ್ತೇನೆ. ಒಂದೇ ಒಂದು ದೊಡ್ಡ ನೋಟ್‌ಬುಕ್. ಮೊಬೈಲ್ ಆ್ಯಪ್ ಕೂಡ ಹೇಳಿಕೊಟ್ಟಿದ್ದರು. ನನಗೆ ಒಗ್ಗಲಿಲ್ಲ.

ಆ ಪುಸ್ತಕ ನಮ್ಮನ್ನು ಉಳಿಸಿದ್ದು 2023ರಲ್ಲಿ. ಮಳೆ ಕೈಕೊಟ್ಟಿತು, ಕೆಆರ್‌ಎಸ್ ತುಂಬಲಿಲ್ಲ. ನಾಲೆಗೆ ಬಿಟ್ಟು ಬಿಟ್ಟು ಹರಿಸಿದ ಕಟ್ಟು ನೀರಲ್ಲಿ ಕಬ್ಬು ಸೊರಗಿತು. ಬ್ಯಾಂಕಿನ ಕಂತು ಮಾತ್ರ ತಿಂಗಳಿಗೆ ಸರಿಯಾಗಿ ಬರುತ್ತಿತ್ತು. ಮುಂದೆ ಎರಡು ತಿಂಗಳು ಆಲೆಮನೆ ನಿಲ್ಲುತ್ತದೆ, ಕಂತಿಗೆ ದುಡ್ಡಿರುವುದಿಲ್ಲ ಅಂತ ಪುಸ್ತಕ ನೋಡಿ ಮೊದಲೇ ಗೊತ್ತಾಯಿತು. ಹಾಲಿನ ಬಟವಾಡೆಯನ್ನು ಮುಟ್ಟದೆ ಕಂತಿಗೆ ಎತ್ತಿಟ್ಟೆ. ಪಕ್ಕದ ಊರಿನ ಒಬ್ಬರಿಗೆ ಹಾಗೆ ಮಾಡಲು ಆಗಲಿಲ್ಲ, ಸಾಲ ಕೆಟ್ಟಿತು. ಅವರು ಸೋಮಾರಿಗಳಲ್ಲ, ನಮಗಿಂತ ಗಟ್ಟಿ ದುಡಿಯುವವರು. ಬರ ಬಿದ್ದ ವರ್ಷ ರೈತರ ಘಟಕಕ್ಕೆ ಕಂತು ಮುಂದೂಡುವ ದಾರಿಯನ್ನು ಯೋಜನೆಯೇ ಇಟ್ಟುಕೊಳ್ಳಬೇಕು. ಇದು ನನ್ನ ದೊಡ್ಡ ದೂರು. 2024ರ ಜುಲೈನಲ್ಲಿ ಕೆಆರ್‌ಎಸ್ ಕಟ್ಟೆ ತುಂಬಿ 124.80 ಅಡಿ ಮುಟ್ಟಿದ ದಿನ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆವು.

ಇನ್ನು ರೈತ ಉತ್ಪಾದಕರ ಕಂಪನಿ, ಅಂದರೆ ರೈತರೇ ಷೇರು ಹಾಕಿ ಕಟ್ಟಿಕೊಂಡ ಕಂಪನಿ. ನಮ್ಮದೂ ಅದರಲ್ಲಿ ಷೇರು ಇದೆ. ಗೊಬ್ಬರ, ಪ್ಯಾಕಿಂಗ್ ಕವರ್ ಒಟ್ಟಿಗೆ ಕೊಂಡಾಗ ನಿಜವಾಗಿ ಉಳಿತಾಯವಾಯಿತು. ಬೆಲ್ಲ ಮಾರುವುದಕ್ಕೆ ಬಂದಾಗ ಸೋತಿತು. ನಾವು ಕೊಟ್ಟ 6 ಕ್ವಿಂಟಲ್ ಬೆಲ್ಲದ ದುಡ್ಡು ಎಪ್ಪತ್ತು ದಿನಕ್ಕೆ ಬಂತು. ಕೇಂದ್ರದ ಬೇರೊಂದು ಯೋಜನೆಯಲ್ಲಿ ಇಂಥ ಕಂಪನಿಗಳಿಗೆ ಆಡಳಿತ ಖರ್ಚಿಗೆ ಅಂತ ಮೂರು ವರ್ಷಕ್ಕೆ 18 ಲಕ್ಷದವರೆಗೆ ಕೊಡುತ್ತಾರೆ. ನಮ್ಮದರಲ್ಲಿ ಮೂರು ವರ್ಷ ಮುಗಿದ ಮೇಲೆ ಸಿಇಒಗೆ ಸಂಬಳ ಕೊಡಲಾಗಲಿಲ್ಲ, ಅವರು ಬಿಟ್ಟು ಹೋದರು. ಈಗ ಕಂಪನಿಯ ಅಂಗಡಿ ವಾರಕ್ಕೆ ಎರಡು ದಿನ ತೆಗೆಯುತ್ತದೆ. ಷೇರು ವಾಪಸ್ ಕೇಳಿಲ್ಲ, ಕೇಳುವುದೂ ಇಲ್ಲ. ಒಟ್ಟಿಗೆ ನಿಲ್ಲದಿದ್ದರೆ ಮಂಡಿಯಲ್ಲಿ ನಮ್ಮ ಮಾತು ಯಾರೂ ಕೇಳುವುದಿಲ್ಲ ಅನ್ನುವುದು ನನಗೆ ಗೊತ್ತಿದೆ.

ಐದಕ್ಕೆ ಅಂಕ ಕೊಡಿ ಅಂದರೆ ಸಂಪನ್ಮೂಲ ವ್ಯಕ್ತಿಗೂ ಲೆಕ್ಕದ ಪಾಠಕ್ಕೂ ಐದು, ಸಾಲಕ್ಕೆ ಮೂರೂವರೆ, ಮಾರಾಟದ ಬೆಂಬಲಕ್ಕೆ ಒಂದೂವರೆ. ಪಿಎಂಎಫ್‌ಎಂಇ ಯೋಜನೆಯನ್ನು 2025-26ರವರೆಗೆ ವಿಸ್ತರಿಸಿದ್ದರು. ಇಂಥ ಸಾಲಕ್ಕೆ ಅರ್ಜಿ ಹಾಕುವವರು ಮೊದಲು ಒಂದು ಹಂಗಾಮು ಖರ್ಚು ಬರೆದು ನೋಡಿ, ಆಮೇಲೆ ಬ್ಯಾಂಕಿಗೆ ಹೋಗಿ.

2025-26ಕ್ಕೆ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ಆಯಿತು. ಕಡಿದ ಬುಡದಿಂದ ಮತ್ತೆ ಚಿಗುರಿದ ಕೂಳೆ ಕಬ್ಬನ್ನು ಆಲೆಮನೆಗೆ ಹಾಕೋದಾ, ಕಾರ್ಖಾನೆಗೆ ಕಳಿಸೋದಾ ಅಂತ ಮೊನ್ನೆ ಯಜಮಾನರು ಕೇಳಿದರು. ಪುಸ್ತಕ ತೆಗೆದು ಇಬ್ಬರೂ ಕೂತೆವು. ಕೆ.ಜಿ. ಪ್ಯಾಕೆಟ್ಟಿಗೆ ಗಿರಾಕಿ ಇರುವಷ್ಟು, ಎರಡು ಎಕರೆ, ಆಲೆಮನೆಗೆ. ಉಳಿದದ್ದು ಕಾರ್ಖಾನೆಗೆ.