ಹಿಂದಿನ ಸೀಟಿನ ಕೂಸಿಗೆ ಸ್ಕೂಟರ್ ಬೆಲ್ಟ್: ಯಾವುದನ್ನು ಕೊಳ್ಳಬೇಕು, ಹೇಗೆ ಕಟ್ಟಬೇಕು

ಧಾರವಾಡದಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಸಪ್ತಾಪುರದಿಂದ ಕೆ.ಸಿ.ಡಿ. (ಕರ್ನಾಟಕ ಕಾಲೇಜು) ಸರ್ಕಲ್ಲಿನ ಕಡೆ ಹೋಗುವ ಗಾಡಿಗಳನ್ನು ನೋಡಿ. ಎರಡು ವರ್ಷದ ಕೂಸು ಒಂದು ಸ್ಕೂಟರಿನಲ್ಲಿ ಮುಂದೆ ಕಾಲಿಡುವ ಜಾಗದಲ್ಲಿ ಕನ್ನಡಿಯ ಕಡ್ಡಿ ಹಿಡಿದು ನಿಂತಿರುತ್ತದೆ, ಇನ್ನೊಂದರಲ್ಲಿ ಅಪ್ಪನ ಬೆನ್ನಿಗೆ ಅಮ್ಮನ ದುಪಟ್ಟಾದಿಂದ ಬಿಗಿದುಕೊಂಡಿರುತ್ತದೆ, ಮತ್ತೊಂದರಲ್ಲಿ ಏನೂ ಇಲ್ಲದೆ ಅಂಗಿಯ ತುದಿ ಹಿಡಿದು ಕೂತಿರುತ್ತದೆ. ಸಂಶೋಧನೆ ಮಾಡುವವರು, ಅತಿಥಿ ಉಪನ್ಯಾಸಕರು, ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳುವವರು, ಎಲ್ಲರಿಗೂ ಮನೆಯಿಂದ ಪ್ಲೇಹೋಮಿಗೆ, ಅಲ್ಲಿಂದ ಕ್ಯಾಂಪಸ್ಸಿಗೆ ಸ್ಕೂಟರೇ ಗತಿ. ಆ ಎರಡು ಮೂರು ಕಿಲೋಮೀಟರಿಗೆ ಬೇಕಾದ ಸಾಮಾನು ಮಕ್ಕಳ ಸುರಕ್ಷಾ ಬೆಲ್ಟ್. ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಇದು ಮುನ್ನೂರರಿಂದ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಆದರೆ ಹೆಸರು ಒಂದೇ ಇದ್ದರೂ ಒಳಗಿನ ಮಾಲು ಒಂದೇ ಅಲ್ಲ.

ಕೊಳ್ಳುವುದಾದರೆ ಜಾಕೆಟ್ಟಿನಂತೆ ಕೂಸಿನ ಎದೆ–ಬೆನ್ನನ್ನು ಸುತ್ತುವ, ತೊಡೆಯ ನಡುವೆ ಹಾಯುವ ಪಟ್ಟಿಯಿರುವ, ಗಾಡಿ ಓಡಿಸುವವರ ಎರಡೂ ಹೆಗಲಿಗೆ ಬರುವ ಬೆಲ್ಟನ್ನೇ ಕೊಳ್ಳಿ. ಓಡಿಸುವವರ ಸೊಂಟಕ್ಕೆ ಒಂದೇ ಅಗಲ ಪಟ್ಟಿ ಸುತ್ತಿ, ಅದರೊಳಗೆ ಕೂಸನ್ನೂ ಸೇರಿಸಿ ಕಟ್ಟುವ ಅಗ್ಗದ ಬಗೆ ಬೇಡವೇ ಬೇಡ. ಕೂಸು ಎಚ್ಚರವಿರುವ ತನಕ ಮಾತ್ರ ಅದು ಸರಿ ಕಾಣುತ್ತದೆ. ನಿದ್ದೆ ಹತ್ತಿ ಮೈ ಸಡಿಲಾದ ಕೂಡಲೇ ಕೂಸು ಕೆಳಕ್ಕೆ ಜಾರುತ್ತದೆ, ಎದೆಗಿದ್ದ ಪಟ್ಟಿ ಕಂಕುಳಿಗೆ, ಅಲ್ಲಿಂದ ಕುತ್ತಿಗೆಗೆ ಏರುತ್ತದೆ. ತೊಡೆಯ ಪಟ್ಟಿ ಇರುವುದೇ ಈ ಜಾರಿಕೆಯನ್ನು ತಡೆಯಲಿಕ್ಕೆ. ದುಪಟ್ಟಾದ ಕತೆಯೂ ಇದೇ, ಜೊತೆಗೆ ಅದರ ತುದಿ ಹಿಂದಿನ ಗಾಲಿಗೆ ಸಿಕ್ಕುವ ಭಯ ಬೇರೆ.

ಕಾನೂನು ಕೇಳುವುದೂ ಇದೇ ಬಗೆಯ ಬೆಲ್ಟನ್ನು. 2022ರ ಫೆಬ್ರುವರಿ 15ರಂದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂತು. ಒಂದು ವರ್ಷದ ಬಳಿಕ ಜಾರಿ ಎಂದು ಅದರಲ್ಲೇ ಇತ್ತು. ನಾಲ್ಕು ವರ್ಷದೊಳಗಿನ ಮಗುವನ್ನು ದ್ವಿಚಕ್ರ ವಾಹನದ ಹಿಂದೆ ಕೂರಿಸಿದರೆ ಸುರಕ್ಷಾ ಬೆಲ್ಟ್ ಬೇಕು, ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ತನಕ ತಲೆಗೆ ಸರಿಹೊಂದುವ ಹೆಲ್ಮೆಟ್ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ದಾಟಬಾರದು. ಬೆಲ್ಟ್ ಹಗುರವಾಗಿರಬೇಕು, ಹೆಚ್ಚುಕಡಿಮೆ ಮಾಡಿಕೊಳ್ಳುವಂತಿರಬೇಕು, ನೀರು ಹಿಡಿಯಬಾರದು, ಗಟ್ಟಿ ನೈಲಾನ್ ಮತ್ತು ಒತ್ತಾದ ಫೋಮಿನದಾಗಿರಬೇಕು, 30 ಕಿಲೋ ತೂಕ ತಡೆಯಬೇಕು ಎಂದೂ ಹೇಳಿದೆ. ಡಬ್ಬಿಯ ಮೇಲೆ 30 ಕಿಲೋ ಎಂದು ಬರೆದಿರುವುದು ಇದಕ್ಕೇ. ಬರೆದಿದ್ದಾರೆ ಎಂದು ನಂಬಬೇಡಿ, ಮನೆಯಲ್ಲೇ ಪರೀಕ್ಷೆ ಮಾಡಿ.

ಪರೀಕ್ಷೆ ಸುಲಭ. ಚೀಲವೊಂದಕ್ಕೆ ಹದಿನೈದು ಕಿಲೋ ಜೋಳ ತುಂಬಿ ಬಾಯಿ ಕಟ್ಟಿ. ಮೂರು ವರ್ಷದ ಮಗುವಿನ ತೂಕ ಸುಮಾರು ಅಷ್ಟೇ. ಚೀಲಕ್ಕೆ ಜಾಕೆಟ್ ತೊಡಿಸಿ, ಎಲ್ಲ ಬಕಲ್ ಹಾಕಿ, ಪಟ್ಟಿಗಳು ಬಿಗಿ ಮಾಡುವ ಕೊಂಡಿಯಿಂದ ಹೊರಬರುವ ಜಾಗದಲ್ಲಿ ಪೆನ್ನಿನಿಂದ ಗೆರೆ ಎಳೆಯಿರಿ. ಶಾಲೆ ಬ್ಯಾಗಿನ ತೋಳುಪಟ್ಟಿಗೆ ಇರುತ್ತದಲ್ಲ, ಅದೇ ಪ್ಲಾಸ್ಟಿಕ್ ಕೊಂಡಿ. ಈಗ ಹೆಗಲಪಟ್ಟಿ ಹಿಡಿದು ಎತ್ತಿ ಹತ್ತು ಸಲ ಜಗ್ಗಿ. ಗೆರೆ ಅರ್ಧ ಬೆರಳಿಗಿಂತ ಹೆಚ್ಚು ಸರಿದಿದ್ದರೆ ಆ ಕೊಂಡಿ ಹಿಡಿಯುತ್ತಿಲ್ಲ. ಪಟ್ಟಿಯನ್ನು ನೀರಲ್ಲಿ ತೋಯಿಸಿ ಇನ್ನೊಮ್ಮೆ ಜಗ್ಗಿ ನೋಡಿ. ಒಣಗಿದ್ದಾಗ ಹಿಡಿದು ನಿಂತದ್ದು ತೊಯ್ದಾಗ ಜಾರುವುದು ನುಣುಪು ನೈಲಾನಿನಲ್ಲಿ ಸಾಮಾನ್ಯ, ಧಾರವಾಡದ ಜಿಟಿಜಿಟಿ ಮಳೆಗೆ ಅಂಥದ್ದು ಆಗಿಬರುವುದಿಲ್ಲ. ಎರಡರಲ್ಲಿ ಯಾವುದರಲ್ಲಿ ಸೋತರೂ ವಾಪಸ್ ಕಳಿಸಿ.

ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಹೆಗಲಪಟ್ಟಿ ಜಾಕೆಟ್ಟಿಗೆ ಸೇರುವ ಕಡೆ ಒಂದು ಚೌಕ, ಅದರೊಳಗೆ ಅಡ್ಡಡ್ಡ ಎರಡು ಗೆರೆ ಹೊಲಿದಿದ್ದರೆ ಒಳ್ಳೆಯದು. ಬರೀ ಎರಡು ಸಾಲು ನೇರ ಹೊಲಿಗೆಯಾದರೆ ಎಳೆತವೆಲ್ಲ ಒಂದೇ ಗೆರೆಯ ಮೇಲೆ ಬಿದ್ದು, ಅಂಚಿನಿಂದ ಬೇಗ ಬಿಡಲು ಶುರುವಾಗುತ್ತದೆ. ಹೆಗಲಪಟ್ಟಿಯ ಅಗಲ ಮೂರು ಬೆರಳಾದರೂ ಇರಲಿ. ಕಡಿಮೆಯಾದರೆ ಓಡಿಸುವವರ ಹೆಗಲು ಕೊರೆಯುತ್ತದೆ, ಹೆಗಲು ನೋವೆಂದು ಅವರು ಪಟ್ಟಿ ಸಡಿಲು ಮಾಡುತ್ತಾರೆ, ಅಲ್ಲಿಗೆ ಬೆಲ್ಟ್ ಇದ್ದೂ ಇಲ್ಲದಂತೆ.

ಬಕಲ್ ಎಲ್ಲಿದೆ ಎನ್ನುವುದು ಜಾಹೀರಾತಿನ ಚಿತ್ರದಲ್ಲಿ ಕಾಣದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಹಲವು ಬೆಲ್ಟುಗಳಲ್ಲಿ ಬಕಲ್ ಕೂಸಿನ ಎದೆಯ ಮೇಲೇ ಬರುತ್ತದೆ. ಎರಡೂವರೆ ವರ್ಷದ ಕೂಸಿಗೆ ಎರಡು ಬದಿ ಒತ್ತಿದರೆ ಟಪ್ಪೆಂದು ಬಿಚ್ಚುತ್ತದೆ ಎಂಬುದು ಒಂದು ವಾರದಲ್ಲಿ ಗೊತ್ತಾಗುತ್ತದೆ. ಒಂದು ಬದಿಗೆ ಹೆಬ್ಬೆರಳು, ಇನ್ನೊಂದು ಬದಿಗೆ ಇನ್ನೊಂದು ಕೈಯ ಹೆಬ್ಬೆರಳು ಇಟ್ಟು, ನಾಲಿಗೆ ಕಚ್ಚಿ ಹಿಡಿದು ಒತ್ತುತ್ತದೆ. ಹಿಂದೆ ಏನಾಗುತ್ತಿದೆ ಎಂದು ಓಡಿಸುವವರಿಗೆ ಕಾಣುವುದೇ ಇಲ್ಲ. ಆದ್ದರಿಂದ ಜಾಕೆಟ್ಟಿನ ಬಕಲ್ ಕೂಸಿನ ಬೆನ್ನ ಕಡೆ, ಹೆಗಲು ಮತ್ತು ಸೊಂಟದ ಬಕಲ್ ಓಡಿಸುವವರ ಮುಂದೆ ಬರುವ ಬೆಲ್ಟ್ ಆರಿಸಿ. ಗಾಡಿ ಬಿದ್ದರೆ ದಾರಿಹೋಕರು ತಟ್ಟನೆ ಬಿಚ್ಚುವಂತಿರಬೇಕು. ಬಕಲಿಗೆ ಗಂಟು ಹಾಕುವುದು, ಪಿನ್ನು ಸಿಕ್ಕಿಸುವುದು ಮಾಡಬಾರದು.

ಇನ್ನು ಕಟ್ಟುವ ಕ್ರಮ. ಕೂಸಿಗೆ ಮನೆಯೊಳಗೇ, ತೆಳು ಅಂಗಿಯ ಮೇಲೆ ಜಾಕೆಟ್ ತೊಡಿಸಿ. ಸ್ವೆಟರ್, ರೇನ್‌ಕೋಟ್ ಬೆಲ್ಟಿನ ಹೊರಗೆ ಬರಲಿ, ಒಳಗೆ ಬೇಡ. ದಪ್ಪ ಬಟ್ಟೆ ಒತ್ತಿ ತೆಳುವಾದ ಮೇಲೆ ಕಟ್ಟಿದ ಬಿಗಿ ಉಳಿಯುವುದಿಲ್ಲ. ಮೊದಲು ತೊಡೆಯ ಪಟ್ಟಿ ಹಾಕಿ, ಆಮೇಲೆ ಎದೆಯದು. ಪಟ್ಟಿಗೂ ಎದೆಗೂ ನಡುವೆ ಎರಡು ಬೆರಳು ಹೋದರೆ ಹದ. ಸ್ಕೂಟರಿನ ಮೇಲೆ ಕೂರಿಸಲು ಇನ್ನೊಬ್ಬರಿದ್ದರೆ ತೊಂದರೆಯೇ ಇಲ್ಲ. ಒಬ್ಬರೇ ಇದ್ದರೆ ಮನೆಮುಂದಿನ ಕಟ್ಟೆಯನ್ನು ಬಳಸಿ: ಗಾಡಿಯನ್ನು ಕಟ್ಟೆಗೆ ಒತ್ತಾಗಿ ನಿಲ್ಲಿಸಿ, ಎಂಜಿನ್ ಚಾಲೂ ಮಾಡದೆ, ಹಿಂದಿನ ಬ್ರೇಕ್ ಹಿಡಿದು ಎರಡೂ ಕಾಲು ಊರಿ ಕೂತುಕೊಳ್ಳಿ. ಕಟ್ಟೆಯ ಮೇಲೆ ನಿಂತ ಕೂಸು ಪಕ್ಕದಿಂದ ಸೀಟಿಗೆ ಬರುತ್ತದೆ. ಹೆಗಲಪಟ್ಟಿಗಳನ್ನು ಬ್ಯಾಗಿನಂತೆ ಹಾಕಿಕೊಂಡು, ಸೊಂಟದ ಬಕಲ್ ಹಾಕಿ, ಎರಡೂ ಬದಿ ಸಮನಾಗಿ ಎಳೆಯಿರಿ. ನಿಮ್ಮ ಬೆನ್ನಿಗೂ ಕೂಸಿನ ಎದೆಗೂ ನಡುವೆ ಒಂದು ಅಂಗೈ ಮಾತ್ರ ಹೋಗಬೇಕು. ಅದಕ್ಕಿಂತ ಸಡಿಲಾದರೆ ತಿರುವಿನಲ್ಲಿ ಕೂಸಿನ ತೂಕ ಒಂದು ಬದಿಗೆ ತೂಗಿ ಗಾಡಿಯನ್ನೇ ಎಳೆಯುತ್ತದೆ. ಉಳಿದ ಪಟ್ಟಿಯ ತುದಿಗಳನ್ನು ಮಡಚಿ ಒಳಗೆ ಸಿಕ್ಕಿಸಿ. ಸೀರೆಯ ಸೆರಗು, ದುಪಟ್ಟಾ ಸೊಂಟಕ್ಕೆ ಕಟ್ಟಿ. ಎಂಜಿನ್ ಆಮೇಲೆ ಶುರುಮಾಡಿ.

ಕಾಲುಗಳನ್ನು ಜನ ಮರೆಯುತ್ತಾರೆ. ಎರಡು ವರ್ಷದ ಕೂಸಿನ ಕಾಲು ಹಿಂದಿನ ಫುಟ್‌ರೆಸ್ಟಿಗೆ ಮುಟ್ಟುವುದಿಲ್ಲ, ಜೋತಾಡುತ್ತದೆ. ಬಲಗಡೆ ಸೈಲೆನ್ಸರ್ ಇರುತ್ತದೆ. ಪೂರ್ತಿ ಪ್ಯಾಂಟು, ಪಾದ ಮುಚ್ಚುವ ಬೂಟು ಇಲ್ಲದೆ ಹೊರಡಬೇಡಿ. ಇಳಿಸುವಾಗ ಎಡಗಡೆಯಿಂದಲೇ ಇಳಿಸಿ.

ಹೆಲ್ಮೆಟ್ ಇಲ್ಲದೆ ಈ ಬೆಲ್ಟಿನ ವಿಮರ್ಶೆ ಅರ್ಧವೇ. ಬೆಲ್ಟ್ ಕೂಸು ಉರುಳಿ ಬೀಳುವುದನ್ನು ತಡೆಯುತ್ತದೆ, ಪೆಟ್ಟನ್ನು ತಡೆಯುವುದಿಲ್ಲ. ಗಾಡಿ ಬಿದ್ದರೆ ನಿಮ್ಮ ಜೊತೆ ಕೂಸೂ ಬೀಳುತ್ತದೆ. ಅಲ್ಲಿ ತಲೆ ಉಳಿಸುವುದು ಹೆಲ್ಮೆಟ್ಟು ಮತ್ತು ಕಡಿಮೆ ವೇಗ. ಮಕ್ಕಳಿಗೆ ಸೈಕಲ್ ಹೆಲ್ಮೆಟ್ಟನ್ನೂ ನಿಯಮ ಒಪ್ಪುತ್ತದೆ, ಈ ವಯಸ್ಸಿಗೆ ಅದೇ ಮೇಲು, ಏಕೆಂದರೆ ಹಗುರ. ದೊಡ್ಡವರ ಬಗೆಯ ಭಾರದ ಹೆಲ್ಮೆಟ್ಟನ್ನು ಎಳೆಯ ಕುತ್ತಿಗೆ ಹೊರಲಾರದು. ಹುಬ್ಬಿನ ಮೇಲೆ ಟೇಪು ಸುತ್ತಿ ತಲೆಯ ಅಳತೆ ತೆಗೆದುಕೊಳ್ಳಿ. ಎರಡು ವರ್ಷಕ್ಕೆ ಹೆಚ್ಚಿನ ಮಕ್ಕಳದು 46–50 ಸೆಂಟಿಮೀಟರ್ ಇರುತ್ತದೆ. ವಯಸ್ಸು ನೋಡಿ ಕೊಳ್ಳಬೇಡಿ. ನಿಯಮ ಒಂಬತ್ತು ತಿಂಗಳ ಮಾತಾಡಿದರೂ, ಆಸರೆಯಿಲ್ಲದೆ ಅರ್ಧ ಗಂಟೆ ನೆಟ್ಟಗೆ ಕೂರುವ, ಹೆಲ್ಮೆಟ್ ಹಾಕಿಯೂ ಕತ್ತು ಗಟ್ಟಿಯಾಗಿ ಹಿಡಿಯುವ ತನಕ ಕೂಸನ್ನು ಸ್ಕೂಟರಿಗೆ ತರದಿರುವುದೇ ಸರಿ. ಅಲ್ಲಿಯ ತನಕ ಆಟೋ.

ನಿದ್ದೆಯ ವಿಚಾರಕ್ಕೆ ಬಂದರೆ, ಯಾವ ಬೆಲೆಯ ಬೆಲ್ಟಿಗೂ ಪೂರ್ತಿ ಅಂಕ ಕೊಡಲಾಗದು. ಮೈ ಹಿಡಿದಿಡುತ್ತದೆ, ತಲೆ ಹಿಡಿಯುವುದಿಲ್ಲ. ಪ್ಲೇಹೋಮ್ ಬಿಡುವುದು ಮಧ್ಯಾಹ್ನ, ಉಂಡು ಕಣ್ಣು ಎಳೆಯುವ ಹೊತ್ತು. ಎಂಜಿನ್ನಿನ ಗುಂಯ್ ಸದ್ದು, ಮುಖಕ್ಕೆ ಗಾಳಿ, ಹತ್ತು ನಿಮಿಷದಲ್ಲಿ ತೂಕಡಿಕೆ. ಬೆನ್ನಿಗೆ ಹೆಲ್ಮೆಟ್ ಟಕ್ ಟಕ್ ಎಂದು ತಾಕತೊಡಗಿದರೆ ಅದೇ ಗುರುತು. ಗಾಡಿ ಪಕ್ಕಕ್ಕೆ ನಿಲ್ಲಿಸಿ ಎಬ್ಬಿಸಿ, ನೀರು ಕುಡಿಸಿ. ಏಳದಿದ್ದರೆ ಆಟೋ ಹಿಡಿಯಿರಿ. ಒಂದು ಕೈ ಹಿಂದಕ್ಕೆ ಚಾಚಿ ಕೂಸನ್ನು ಹಿಡಿದು ಇನ್ನೊಂದರಲ್ಲಿ ಓಡಿಸುವುದು ಈ ಊರಿನಲ್ಲಿ ದಿನಾ ಕಾಣುವ ದೃಶ್ಯ, ಅದರಷ್ಟು ಅಪಾಯದ್ದು ಬೇರೆ ಇಲ್ಲ. ತಲೆ ಆಸರೆಯ ದಿಂಬು ಸೇರಿಸಿದ ದುಬಾರಿ ಬೆಲ್ಟುಗಳೂ ಇವೆ. ದಿಂಬು ಬೆನ್ನ ಕಡೆಯಿಂದ ಹೆಲ್ಮೆಟ್ಟನ್ನು ಮುಂದಕ್ಕೆ ತಳ್ಳಿ ಗದ್ದ ಎದೆಗೆ ಒತ್ತುವಂತೆ ಮಾಡುತ್ತದೆ, ಅದಕ್ಕೆ ಹೆಚ್ಚು ದುಡ್ಡು ಕೊಡುವುದು ವ್ಯರ್ಥ. ಒಂದು ಸವಾರಿ ಹದಿನೈದು ನಿಮಿಷ ಮೀರದಂತೆ ನೋಡಿಕೊಳ್ಳುವುದೇ ಉತ್ತಮ. ಹುಬ್ಬಳ್ಳಿಗೆ ಹೋಗುವುದಿದ್ದರೆ ತನ್ನದೇ ಪಥದಲ್ಲಿ ಓಡುವ ಬಿ.ಆರ್.ಟಿ.ಎಸ್.ನ ಚಿಗರಿ ಬಸ್ಸಿದೆ, ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟಕ್ಕಿರುವುದರಿಂದ ಕೂಸಿನ ಜೊತೆ ಹತ್ತುವುದು ಸಲೀಸು.

ಕ್ಯಾಂಪಸ್ಸುಗಳ ಒಳಗಿನ ಹಂಪುಗಳಲ್ಲಿ ವೇಗ ನಡಿಗೆಗೆ ಇಳಿಯಲಿ. ಸ್ಕೂಟರಿನ ಗಾಲಿ ಸಣ್ಣದು, ಕೂಸು ಕೂರುವುದು ಹಿಂದಿನ ಗಾಲಿಯ ನೆತ್ತಿಗೆ. ನಿಮಗೆ ಸಣ್ಣ ಕುಲುಕಾದದ್ದು ಅದಕ್ಕೆ ನೆಗೆತ.

ಮುಂದೆ ಕಾಲಿಡುವ ಜಾಗಕ್ಕೆ ಕೂರಿಸುವ ಪುಟ್ಟ ಕುರ್ಚಿಗಳನ್ನು ಕೆಲವರು ಬೆಲ್ಟಿಗೆ ಬದಲು ಕೊಳ್ಳುತ್ತಾರೆ. ಕೂಸು ಕಣ್ಣೆದುರೇ ಇರುತ್ತದೆ ಎಂಬ ಸಮಾಧಾನ ಅರ್ಥವಾಗುವಂಥದ್ದೇ. ಆದರೆ ಗಟ್ಟಿ ಬ್ರೇಕ್ ಹಾಕಿದರೆ ಗದ್ದ, ಹಲ್ಲು ನೇರ ಹ್ಯಾಂಡಲಿಗೆ ಬಡಿಯುತ್ತವೆ, ಹಿಂದಿನಿಂದ ನಿಮ್ಮ ತೂಕವೂ ಕೂಸಿನ ಮೇಲೆ ಬೀಳುತ್ತದೆ. ಇನ್ನೊಂದು, ತರಕಾರಿ ಗಾಡಿಯ ಮುಂದೆ ಎಂಜಿನ್ ಆರಿಸದೆ ನಿಲ್ಲಿಸಿದಾಗ ಕೂಸಿನ ಕೈಗೆ ಎಕ್ಸಲರೇಟರ್ ಸಿಗುತ್ತದೆ. ಒಂದು ತಿರುವು ಸಾಕು. ಆ ಕುರ್ಚಿಗೆ ಶಿಫಾರಸು ಇಲ್ಲ.

ಮಳೆಗಾಲದಲ್ಲಿ ಫೋಮಿನ ತೊಂದರೆ ತಪ್ಪದು. ಹೊರಬಟ್ಟೆಗೆ ನೀರು ಹಿಡಿಯದಿದ್ದರೂ ಹೊಲಿಗೆಯ ತೂತಿನಿಂದ ಒಳಗೆ ಇಳಿಯುತ್ತದೆ, ಜೂನ್–ಜುಲೈಯಲ್ಲಿ ಒಣಗಲು ಎರಡು ದಿನ, ಇಲ್ಲವಾದರೆ ಬೂಷ್ಟು. ಬೆಲ್ಟಿನ ಮೇಲೆ ಕೂಸಿಗೆ ದೊಡ್ಡ ಅಳತೆಯ ರೇನ್‌ಕೋಟ್ ಹಾಕಿ, ಹೆಗಲಪಟ್ಟಿ ಹೊರಬರಲು ಮುಂದಿನ ಗುಂಡಿ ಎರಡು ಬಿಟ್ಟರಾಯಿತು. ಒಗೆಯುವುದು ತಣ್ಣೀರು, ಮೆದು ಸೋಪಿನಲ್ಲಿ ಕೈಯಿಂದ. ಹಿಂಡಬೇಡಿ, ಬಿಸಿನೀರು ಬೇಡ, ನೆರಳಲ್ಲಿ ತೂಗುಹಾಕಿ. ಗಾಡಿಯ ಸೀಟಿನ ಮೇಲೇ ಬಿಸಿಲಿಗೆ ಬಿಡುವ ಅಭ್ಯಾಸ ನೈಲಾನನ್ನು ತಿನ್ನುತ್ತದೆ; ಬಣ್ಣ ಮಾಸಿ ಪಟ್ಟಿ ಒರಟಾಗಿದ್ದರೆ ಅದರ ಕೆಲಸ ಮುಗಿಯಿತೆಂದೇ ಲೆಕ್ಕ.

ಕಾಲೇಜಿನ ಊರಲ್ಲಿ ಪರೀಕ್ಷೆ ಮುಗಿದು ಬಾಡಿಗೆ ಮನೆಗಳು ಬದಲಾಗುವ ಹೊತ್ತಿಗೆ ಹಳೆ ಬೆಲ್ಟುಗಳು ಕೈಯಿಂದ ಕೈಗೆ ಬರುತ್ತವೆ. ತೆಗೆದುಕೊಳ್ಳಬಹುದು, ಆದರೆ ಆ ಗಾಡಿ ಎಂದಾದರೂ ಬಿದ್ದಿತ್ತೇ ಎಂದು ಮೊದಲು ಕೇಳಿ, ಬಿದ್ದಿದ್ದರೆ ಬೇಡ. ಬಕಲಿನ ಒಳನಾಲಿಗೆಯಲ್ಲಿ ಬಿಳಿ ಬಿರುಕಿನ ಗೆರೆ ಕಂಡರೂ ಬೇಡ. ಎಲ್ಲ ಸರಿಯಿದ್ದರೂ ಜೋಳದ ಚೀಲದ ಪರೀಕ್ಷೆ ಅದಕ್ಕೂ ಆಗಲಿ.