ಮನೆಯಲ್ಲೇ ಮಾಡಿದ ಕಳೆನಾಶಕ: ಕಾಫಿ ಕಣದ ಬಿರುಕುಗಳಲ್ಲಿ ನಾಲ್ಕು ವರ್ಷ

ಉಪ್ಪು ಹಾಕಬೇಡಿ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟು ತಿಳಿದುಕೊಂಡರೂ ಸಾಕು. ವಿನೆಗರ್, ಕುದಿನೀರು, ಗೋಮೂತ್ರ, ಸುಣ್ಣ, ಉಪ್ಪು, ಪಾತ್ರೆ ತೊಳೆಯುವ ಸೋಪು ಎಂದು ಮೊಬೈಲಿನಲ್ಲಿ ಹರಿದಾಡುವ ಹೆಚ್ಚುಕಡಿಮೆ ಎಲ್ಲ ಪಾಕಗಳನ್ನೂ 2021ರಿಂದ ನಾಲ್ಕು ವರ್ಷ ನಮ್ಮ ಅಂಗಳದಲ್ಲಿ ಮತ್ತು ಕಾಫಿ ಒಣಗಿಸುವ ಕಣದಲ್ಲಿ ಹಾಕಿ ನೋಡಿದ್ದೇನೆ. ಕೆಲವು ಉಪಯೋಗಕ್ಕೆ ಬಂದವು. ಒಂದರಿಂದ ಮಾತ್ರ ಫಸಲು ಕೊಡುತ್ತಿದ್ದ ಎರಡು ಮೆಣಸಿನ ಬಳ್ಳಿಗಳನ್ನು ಕಳೆದುಕೊಂಡೆ.

ನಮ್ಮದು ಕೊಡಗಿನ ನಾಪೋಕ್ಲು ಕಡೆಯ ಸಣ್ಣ ತೋಟ. ರೊಬಸ್ಟಾ ಕಾಫಿ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಕರಿಮೆಣಸು, ಮನೆಯ ಹಿಂದೆ ಸಿಮೆಂಟಿನ ಹಳೆಯ ಕಣ. ಕಣದ ತುಂಬ ಬಿರುಕು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದೊಂದು ಬಿರುಕಿನಲ್ಲೂ ಗರಿಕೆ, ಜೇಕು, ಹುಳಿಸೊಪ್ಪು, ನಾಯಿತುಳಸಿ ಎದ್ದು ನಿಂತಿರುತ್ತವೆ. ಅಂಚಿನಲ್ಲಿ ಮುಟ್ಟಿದರೆ ಮುನಿ. ಜನವರಿಯಲ್ಲಿ ಹಣ್ಣು ಕುಯ್ದು ಹರಡುವ ಮೊದಲು ಇವೆಲ್ಲ ಹೋಗಬೇಕು. ಕೈಯಲ್ಲಿ ಕೀಳಿಸೋಣವೆಂದರೆ ಆ ಹೊತ್ತಿಗೆ ಆಳು ಸಿಗುವುದಿಲ್ಲ. ಸಿಕ್ಕವರನ್ನು ಕುಯ್ಲಿಗೆ ಕಳುಹಿಸದೆ ಹುಲ್ಲು ಕೀಳಲು ಕೂರಿಸುವ ಧೈರ್ಯ ಯಾವ ಬೆಳೆಗಾರನಿಗೂ ಇಲ್ಲ.

ಅಂಗಡಿಯ ಔಷಧಿ ಬೇಡವೆಂದು ತೀರ್ಮಾನಿಸಲು ಕಾರಣ ಕಣವೇ. ಕಾಫಿ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುವ ವಸ್ತು. ಅದು ಎರಡು ವಾರ ಮೈಚಾಚಿ ಒಣಗುವ ನೆಲಕ್ಕೆ ಏನು ಬೀಳುತ್ತದೆ ಎಂಬ ಎಚ್ಚರ ಬೇಕು. ಮೇಲಾಗಿ ಅಂಗಡಿಯ ಕಳೆನಾಶಕವಾದ ಗ್ಲೈಫೋಸೇಟ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲೇ ‘ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವಿದೆ’ ಎಂಬ ವರ್ಗಕ್ಕೆ ಅದನ್ನು ಸೇರಿಸಿತ್ತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ, ಕೀಟ ನಿಯಂತ್ರಣದ ಪರವಾನಗಿ ಇರುವವರ ಹೊರತು ಬೇರೆ ಯಾರೂ ಅದನ್ನು ಬಳಸಕೂಡದು ಎಂದು ಆದೇಶ ಹೊರಡಿಸಿತು. ಆ ಆದೇಶ ಬರುವ ಮೊದಲೇ, ಉಳಿದ ಕಾರಣಗಳಿಗಾಗಿ ನಾನು ಅಡುಗೆಮನೆಯ ಕಡೆ ತಿರುಗಿದ್ದೆ. ಅಡುಗೆಮನೆಯದು ಎಂದ ಮೇಲೆ ಅಪಾಯವಿರಲಾರದು ಎಂದು ನಂಬಿದ್ದೆ. ಆ ನಂಬಿಕೆಯೇ ನನ್ನ ಮೊದಲ ತಪ್ಪು.

ವಿನೆಗರ್‌ನಿಂದ ಆರಂಭಿಸಿದೆ. ಅಂಗಡಿಯಲ್ಲಿ ಸಿಗುವ ಅಡುಗೆ ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲ ಇರುವುದು ಶೇ. 4ರಿಂದ 5. ನೀರು ಬೆರೆಸದೆ, ಲೀಟರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ ಹಾಕಿ, ನವೆಂಬರ್ ಕೊನೆಯ ಒಂದು ಬಿಸಿಲಿನ ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ ಸಿಂಪಡಿಸಿದೆ. ಸೋಪು ಇಲ್ಲದಿದ್ದರೆ ಹನಿ ಎಲೆಯ ಮೇಣದ ಪದರದಿಂದ ಜಾರಿ ಬೀಳುತ್ತದೆ. ಸೋಪು ಇದ್ದರೆ ಎಲೆಗೆ ಬಟ್ಟೆ ಹೊದಿಸಿದಂತೆ ಹರಡಿಕೊಳ್ಳುತ್ತದೆ. ಮಧ್ಯಾಹ್ನ ಊಟ ಮುಗಿಸಿ ಹೋಗಿ ನೋಡಿದರೆ ನಾಯಿತುಳಸಿಯ ಸಸಿಗಳು ಬಿಸಿನೀರಿಗೆ ಹಾಕಿದ ಸೊಪ್ಪಿನಂತೆ ಬಾಡಿ ಕಡು ಹಸಿರಾಗಿದ್ದವು. ಸಂಜೆಗೆ ಕಂದು. ಎರಡು, ಮೂರು ಎಲೆ ಬಿಟ್ಟಿದ್ದ ಪಾರ್ಥೇನಿಯಂ ಸಸಿಗಳೂ ಸತ್ತವು. ನನ್ನ ಸಂತೋಷಕ್ಕೆ ಪಾರವಿರಲಿಲ್ಲ.

ಹನ್ನೆರಡನೆಯ ದಿನ ಹುಳಿಸೊಪ್ಪು ಮತ್ತೆ ಚಿಗುರಿತು. ಗರಿಕೆ ಒಂದು ವಾರ ಹಳದಿಯಾಗಿದ್ದು ನಂತರ ಮೊದಲಿಗಿಂತ ಹಸಿರಾಯಿತು. ಜೇಕಿಗೆ ಏನೂ ಆಗಲಿಲ್ಲ. ಅದಕ್ಕೆ ಕಾರಣ ಸರಳ. ಗ್ಲೈಫೋಸೇಟ್‌ನಂಥ ಔಷಧಿ ಎಲೆಯಿಂದ ಒಳಗಿಳಿದು ಬೇರಿನವರೆಗೆ ಹೋಗುತ್ತದೆ. ವಿನೆಗರ್ ತಾಗಿದ ಜಾಗವನ್ನಷ್ಟೇ ಸುಡುತ್ತದೆ. ನೆಲದಡಿ ಗಡ್ಡೆ ಇಟ್ಟುಕೊಂಡ ಜೇಕಿಗೂ ಗಂಟುಗಂಟಿಗೆ ಬೇರು ಬಿಡುವ ಗರಿಕೆಗೂ ಎಲೆ ಹೋದರೆ ಕೂದಲು ಕತ್ತರಿಸಿದಷ್ಟೇ ನಷ್ಟ. ಆದ್ದರಿಂದ ವಿನೆಗರ್ ಹಾಕುವುದಾದರೆ ಸಸಿಗೆ ನಾಲ್ಕು ಎಲೆ ಆಗುವ ಮೊದಲೇ ಹಾಕಬೇಕು, ಮುಂದೆ ಒಂದು ದಿನವಾದರೂ ಮಳೆ ಬರಬಾರದು. ಇವೆರಡು ಕೂಡಿಬಂದರೆ ಒಳ್ಳೆಯ ಫಲ ಕೊಡುತ್ತದೆ. ಆಮ್ಲವೂ ಮಣ್ಣಿನಲ್ಲಿ ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ. ಒಂದು ಎಚ್ಚರಿಕೆ: ಆಮ್ಲ ಸಿಮೆಂಟನ್ನು ತಿನ್ನುತ್ತದೆ. ಹೆಚ್ಚು ಸುರಿದ ಕಡೆ ಕಣದ ನುಣುಪು ಹೋಗಿ ಮರಳು ಕೈಗೆ ಹತ್ತುತ್ತಿದೆ.

ನಮ್ಮಲ್ಲಿ ಹುಳಿ ಎಂದರೆ ಕಾಚಂಪುಳಿ. ಅದನ್ನೇ ಹಾಕಬಹುದಲ್ಲ ಎಂದು ಒಬ್ಬಿಬ್ಬರು ಕೇಳಿದ್ದಾರೆ. ಹಣ್ಣಿನ ರಸವನ್ನು ಕಾಯಿಸಿ ಕಾಯಿಸಿ ಕಪ್ಪಾಗಿಸಿದ ಪದಾರ್ಥವನ್ನು ನೆಲಕ್ಕೆ ಸುರಿಯಲು ನನಗಂತೂ ಮನಸ್ಸು ಬರುವುದಿಲ್ಲ. ಅದರ ಮುಖ್ಯ ಆಮ್ಲವೂ ಬೇರೆಯದು. ಇನ್ನು ರಬ್ಬರ್ ಹಾಲು ಗಟ್ಟಿ ಮಾಡುವ ಆಸಿಡ್, ಇಲ್ಲವೇ ರಾಸಾಯನಿಕ ಅಂಗಡಿಯ ತೀವ್ರ ಅಸಿಟಿಕ್ ಆಮ್ಲ ತಂದು ನೀರು ಬೆರೆಸಿ ಹೊಡೆಯುವವರೂ ಇದ್ದಾರೆ. ದಯವಿಟ್ಟು ಬೇಡ. ಶೇ. 11 ದಾಟಿದ ಅಸಿಟಿಕ್ ಆಮ್ಲವೇ ಚರ್ಮ ಸುಡುತ್ತದೆ, ಕಣ್ಣಿಗೆ ಶಾಶ್ವತ ಹಾನಿ ಮಾಡಬಲ್ಲದು. ಸಿಂಪಡಿಸುವವರು ಹೆಚ್ಚಿನ ಕಡೆ ನಾವಲ್ಲ, ಕನ್ನಡಕವಿಲ್ಲದೆ ಕೈಗವಸಿಲ್ಲದೆ ಪಂಪು ಹೊರುವ, ಲೈನ್ ಮನೆಗಳಲ್ಲಿರುವ ತೋಟದ ಕಾರ್ಮಿಕರು ಎಂಬುದನ್ನು ಮರೆಯಬಾರದು. ಕಣ್ಣಿಗೆ ಹನಿ ಬಿದ್ದರೆ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಈಗ ಉಪ್ಪಿನ ವಿಷಯ.

2022ರ ಫೆಬ್ರವರಿಯಲ್ಲಿ, ಕುಯ್ಲು ಮುಗಿದ ಮೇಲೆ, ಕಣದ ಕೆಳ ಅಂಚಿನ ಇಪ್ಪತ್ತು ಅಡಿ ಉದ್ದಕ್ಕೆ ವಿನೆಗರ್, ಸೋಪಿನ ಜೊತೆಗೆ ಅಡುಗೆ ಉಪ್ಪನ್ನೂ ಕರಗಿಸಿ ಹೊಡೆದೆ. ಮೂರೇ ದಿನಕ್ಕೆ ಗರಿಕೆ ಸಮೇತ ಎಲ್ಲವೂ ಹುರಿದಂತೆ ಆಯಿತು. ವಿನೆಗರ್ ಒಂದರಿಂದ ಆಗದ್ದು ಆಯಿತಲ್ಲ ಎಂದು ಮಾರ್ಚ್ ಮುಗಿಯುವುದರೊಳಗೆ ಇನ್ನೆರಡು ಬಾರಿ ಹೊಡೆದೆ; ನೆರೆಯವರಿಗೂ ಹೇಳಿದೆ. ಒಟ್ಟು 5 ಕಿಲೋ ಉಪ್ಪು. ಅದರಲ್ಲಿ ಸುಮಾರು 2 ಕಿಲೋ ಸೋಡಿಯಂ ಎಂಬ ಲೆಕ್ಕ ಆಗ ಹೊಳೆಯಲಿಲ್ಲ.

ಮಾರ್ಚ್ ಕೊನೆಗೆ ಹೂಮಳೆ ಬಂತು. ಕಾಫಿ ಅರಳಲು ಬೇಕಾದಷ್ಟೇ ಮಳೆ: ಉಪ್ಪನ್ನು ಬೇರಿನ ಆಳಕ್ಕೆ ಇಳಿಸಲು ಸಾಕು, ತೊಳೆದು ಹಾಕಲು ಸಾಲದು. ಕಣದ ನೀರು ಇಳಿಯುವ ಕಡೆ ಎರಡು ಸಿಲ್ವರ್ ಮರಗಳಿದ್ದವು, ಎರಡಕ್ಕೂ ಹತ್ತು ವರ್ಷದ ಮೆಣಸಿನ ಬಳ್ಳಿ. ಏಪ್ರಿಲ್ ನಡುವಿನಲ್ಲಿ ಒಂದು ದಿನ ಕೆಳಗಿನ ಎಲೆಯೊಂದನ್ನು ಕಿತ್ತು ನೋಡಿದೆ. ತುದಿ ಕಂದು. ಕಂದು ಬಣ್ಣ ತುದಿಯಿಂದ ಅಂಚಿನಗುಂಟ ತೊಟ್ಟಿನ ಕಡೆಗೆ ಗೆರೆ ಎಳೆದಂತೆ ಬಂದಿತ್ತು. ನಡುಭಾಗ ಇನ್ನೂ ಹಸಿರು. ಅಂಚನ್ನು ಮಡಿಸಿದರೆ ಹಳೆಯ ಕಾಗದದಂತೆ ಮುರಿಯಿತು. ಮೊದಲು ಶೀಘ್ರ ಸೊರಗು ರೋಗವೆಂದು ಹೆದರಿದೆ. ಆದರೆ ಆ ರೋಗ ಬರುವುದು ಜೋರು ಮಳೆಯಲ್ಲಿ, ಎಲೆ ಕಪ್ಪಾಗಿ ಕೊಳೆಯುತ್ತದೆ. ಇದು ಬೇಸಿಗೆಯಲ್ಲಿ, ಒಣಗಿ ಸುಟ್ಟ ಅಂಚು. ತೋಟಗಾರಿಕೆ ಓದಿದ ಬಂಧುವೊಬ್ಬರು ನೋಡಿದ ಕೂಡಲೇ ‘ಇಲ್ಲಿಗೆ ಉಪ್ಪೇನಾದರೂ ಸುರಿದಿದ್ದೀರಾ?’ ಎಂದು ಕೇಳಿದರು. ಮಣ್ಣು ಪರೀಕ್ಷೆ ಮಾಡಿಸಿದಾಗ ಅವರ ಮಾತೇ ನಿಜವಾಯಿತು. ಮೆಣಸಿನ ಬೇರು ಮೇಲುಮೇಲಿನ ಮಣ್ಣಿನಲ್ಲೇ ಹರಡುತ್ತದೆ, ಕಾಫಿಯ ಊಟದ ಬೇರುಗಳೂ ಹಾಗೆಯೇ. ಜೂನ್ ಮಳೆ ಹಿಡಿಯುವ ಮೊದಲೇ ಎರಡೂ ಬಳ್ಳಿಗಳು ಗಿಣ್ಣು ಗಿಣ್ಣಾಗಿ ಕಳಚಿ ಬಿದ್ದವು.

ಇನ್ನೂ ಒಂದಿದೆ. ಆ ಉಪ್ಪಿನ ಪಟ್ಟಿ ಒಂದು ವರ್ಷ ಬೋಳಾಗಿತ್ತು. ಮಳೆ ಬಿದ್ದರೆ ಮಣ್ಣು ಕೆಸರಿನ ಪದರವಾಗಿ, ಬಿಸಿಲಿಗೆ ಹೆಂಚಿನಂತೆ ಗಟ್ಟಿಯಾಗುತ್ತಿತ್ತು. ಸೋಡಿಯಂ ಜೇಡಿಮಣ್ಣಿನ ಕಣಗಳನ್ನು ಬಿಡಿಸಿಹಾಕುವುದರಿಂದ ಹಾಗಾಗುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಸುರಿಯುತ್ತದೆ, ನಮ್ಮ ಕಡೆಯೂ ಮಳೆಗೆ ಬರವಿಲ್ಲ. ಅಷ್ಟು ಮಳೆಯಲ್ಲಿ ತೊಳೆದು ತೊಳೆದು 2023ರಲ್ಲಿ ಅಲ್ಲಿ ಮೊದಲ ಹಸಿರು ಕಾಣಿಸಿತು. ಯಾವುದು ಗೊತ್ತೇ? ಗರಿಕೆ. ಉಪ್ಪನ್ನು ತಾಳಿಕೊಳ್ಳುವ ಶಕ್ತಿ ಅದಕ್ಕೆ ಹೆಚ್ಚು. ಯಾವುದನ್ನು ಕೊಲ್ಲಲು ಹೊರಟಿದ್ದೆನೋ ಅದಕ್ಕೆ ಎದುರಾಳಿಗಳಿಲ್ಲದ ನೆಲ ಹದಮಾಡಿ ಕೊಟ್ಟಂತಾಯಿತು. ಅದೇ ಅಂಚಿನಲ್ಲಿ ಮೊದಲು ಬೆಳೆಯುತ್ತಿದ್ದ ಒಂದೆಲಗ ಇಂದಿಗೂ ಮರಳಿಲ್ಲ. ಉಪ್ಪು ಹಾಕಿದ ಪಾಕಗಳನ್ನು ಹೊಗಳುವವರು ಮೊದಲ ವಾರದ ಚಿತ್ರ ಹಾಕುತ್ತಾರೆ. ಒಂದು ಮಳೆಗಾಲ ಕಳೆದ ಮೇಲಿನ ಚಿತ್ರವನ್ನೂ ಕೇಳಿ ಎಂಬುದೇ ನನ್ನ ವಿನಂತಿ.

ಗೋಮೂತ್ರ, ಸುಣ್ಣ, ಉಪ್ಪು, ನಿಂಬೆರಸದ ಪಾಕಕ್ಕೆ ಹೆಚ್ಚು ಸಾಲು ಬೇಡ. ಸುಣ್ಣ ಕ್ಷಾರ, ನಿಂಬೆ ಆಮ್ಲ, ಒಂದನ್ನೊಂದು ಕೊಲ್ಲುತ್ತವೆ. ಹಳಸಿದ ಗೋಮೂತ್ರಕ್ಕೆ ಸುಣ್ಣ ಬಿದ್ದೊಡನೆ ಅಮೋನಿಯಾ ಎದ್ದು ಕಣ್ಣಲ್ಲಿ ನೀರು ಬರಿಸಿತು. ಅದರಲ್ಲಿ ಕಳೆ ಸುಡುವುದು ಬಹುಪಾಲು ಉಪ್ಪೇ. ಉಪ್ಪು ಬಿಟ್ಟು ಬರೀ ಗೋಮೂತ್ರ ಹಾಕಿದಾಗ ಎಲೆಗಳು ಸುಟ್ಟವು, ಆದರೆ ಅದರಲ್ಲಿರುವ ಯೂರಿಯಾ ಗೊಬ್ಬರವಾಗಿ ಮೂರನೆಯ ವಾರ ಕಳೆ ಸೊಕ್ಕಿ ಬೆಳೆಯಿತು. ಗೋಮೂತ್ರವನ್ನು ಗೊಬ್ಬರಕ್ಕೇ ಇಟ್ಟುಕೊಳ್ಳಿ. ಸೀಮೆಎಣ್ಣೆ, ಡೀಸೆಲ್, ಹಳೆಯ ಎಂಜಿನ್ ಎಣ್ಣೆ, ಫಿನೈಲ್ ಇವನ್ನಂತೂ ಕಣದ ಹತ್ತಿರಕ್ಕೂ ತರಬಾರದು.

ಸುರಕ್ಷತೆಯ ಬಗ್ಗೆ ಕೊಡಗಿನವರಿಗೇ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಮಳೆಗಾಲದ ಪಾಚಿಗೆ ನಾವೆಲ್ಲ ಮೆಟ್ಟಿಲಿಗೂ ಅಂಗಳಕ್ಕೂ ಬ್ಲೀಚಿಂಗ್ ಪೌಡರ್ ಎರಚುತ್ತೇವೆ. 2021ರ ಕೊನೆಯಲ್ಲಿ ನಾನೂ ಹಿಂದಿನ ದಿನ ಎರಚಿದ್ದೆ. ಮೂಲೆಯಲ್ಲಿ ಬಿಳಿ ಪುಡಿ ಗೆರೆಯಾಗಿ ಉಳಿದಿತ್ತು. ಅದರ ಮೇಲೆಯೇ ವಿನೆಗರ್ ಸಿಂಪಡಿಸಿದೆ. ಸಣ್ಣಗೆ ನೊರೆ ಎದ್ದಿತು, ಈಜುಕೊಳದ ನೀರಿನಂಥ ವಾಸನೆ ಮೂಗಿಗೆ ರಾಚಿತು, ಮರುಕ್ಷಣ ಗಂಟಲು ಹಿಸುಕಿದಂತಾಗಿ ಕೆಮ್ಮುತ್ತಾ ಓಡಿದೆ. ಅದು ಕ್ಲೋರಿನ್ ಅನಿಲ. ಬಯಲಾಗಿದ್ದರಿಂದ ಕೆಮ್ಮಿನಲ್ಲಿ ಮುಗಿಯಿತು. ಸ್ನಾನದ ಮನೆಯಂಥ ಮುಚ್ಚಿದ ಜಾಗದಲ್ಲಿ ಪ್ರಾಣಕ್ಕೇ ಕುತ್ತು. ಬ್ಲೀಚಿಂಗ್ ಪೌಡರ್ ಮೇಲೆ ಗೋಮೂತ್ರ ಬಿದ್ದರೂ ಬೇರೊಂದು ಬಗೆಯ ವಿಷಾನಿಲ ಏಳುತ್ತದೆ. ಪಾಚಿಯ ಕೆಲಸ, ಕಳೆಯ ಕೆಲಸ ಎರಡನ್ನೂ ಬೇರೆ ಬೇರೆ ವಾರ ಮಾಡಿ. ನಡುವೆ ನೆಲವನ್ನು ಚೆನ್ನಾಗಿ ತೊಳೆಯಿರಿ.

ಕೊನೆಗೆ ನನ್ನ ಮನಸ್ಸಿಗೆ ಒಪ್ಪಿದ್ದು ಕುದಿನೀರು. ನಮ್ಮ ಬಚ್ಚಲಿನ ಒಲೆ ಮಳೆಗಾಲ, ಚಳಿಗಾಲದಲ್ಲಿ ದಿನವಿಡೀ ಉರಿಯುತ್ತದೆ. ಗಿಡ ಸವರುವ ಕಸಿ ಕೆಲಸದಲ್ಲಿ ಬಿದ್ದ ಕಾಫಿ ಕಡ್ಡಿ ಬೇಕಾದಷ್ಟಿದೆ. ಕುದಿಯುವ ನೀರನ್ನು ಉದ್ದ ಮೂತಿಯ ಕೆಟಲಿಗೆ ತುಂಬಿ ಬಿರುಕಿನಗುಂಟ ನಿಧಾನವಾಗಿ ಸುರಿಯುತ್ತೇನೆ. ಬಿರುಕಿನಲ್ಲಿ ಮಣ್ಣು ಕಡಿಮೆ, ಬಿಸಿ ಬೇರಿಗೆ ತಲುಪುತ್ತದೆ. ಹುಳಿಸೊಪ್ಪಿಗೆ ಹತ್ತು ದಿನದ ಅಂತರದಲ್ಲಿ ಎರಡು ಸಲ ಸಾಕಾಯಿತು. ಗರಿಕೆಗೆ ಮೂರು, ಕೆಲವು ಕಡೆ ನಾಲ್ಕು. ಜೇಕಿನ ಗಡ್ಡೆ ಆಳದಲ್ಲಿದ್ದರೆ ಕುದಿನೀರೂ ಸೋಲುತ್ತದೆ. ಅದಕ್ಕೆ ಚೂಪು ಸಲಾಕೆಯಿಂದ ಗಡ್ಡೆ ಎಬ್ಬಿಸುವುದೊಂದೇ ದಾರಿ. ಕಾಲಿಗೆ ಗಂಬೂಟು, ಹತ್ತಿರ ಮಕ್ಕಳಿಲ್ಲ, ನಾಯಿ ಕಟ್ಟಿಹಾಕಿದೆ ಎಂಬುದನ್ನು ನೋಡಿಕೊಂಡೇ ಕೆಟಲು ಎತ್ತಬೇಕು. ಬರೀ ಮಣ್ಣಿರುವ ಕಡೆ ಸುರಿಯುವುದಿಲ್ಲ, ಎರೆಹುಳು ಬೇಯುತ್ತವೆ. ಕಣಕ್ಕೆ 5ರಲ್ಲಿ 4 ಅಂಕ ಕುದಿನೀರಿಗೆ, 3 ವಿನೆಗರ್‌ಗೆ. ಉಪ್ಪಿಗೆ ಸೊನ್ನೆ.

ಸಿಂಪಡಿಸುವ ಪಂಪು ಬೇರೆಯೇ ಇರಲಿ. ಮಳೆಗೆ ಮುಂಚೆ ಮೆಣಸಿಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಪಂಪಿನಲ್ಲಿ ವಿನೆಗರ್ ಉಳಿದಿದ್ದರೆ ದ್ರಾವಣ ಆಮ್ಲೀಯವಾಗಿ, ತಾಮ್ರ ಕರಗಿ, ಎಲೆ ಸುಡುತ್ತದೆ. ನಾನು 2 ಲೀಟರಿನ ಪ್ಲಾಸ್ಟಿಕ್ ಪಂಪಿಗೆ ಕೆಂಪು ಬಣ್ಣ ಬಳಿದಿಟ್ಟಿದ್ದೇನೆ.

ತೋಟದೊಳಗೆ ಇವು ಯಾವುದೂ ಬೇಡ. ಅಲ್ಲಿ ಯಂತ್ರದಿಂದ ಕಳೆ ಕತ್ತರಿಸಿ ಅಲ್ಲೇ ಬಿಡುತ್ತೇವೆ. ನಮ್ಮ ಇಳಿಜಾರಿನಲ್ಲಿ ನೆಲ ಬೋಳಾದರೆ ಮೇಲ್ಮಣ್ಣು ಹೊಳೆಯ ಪಾಲು. ಬೇಲಿಗೂ ಬೇಡ. ನಮ್ಮ ಬೇಲಿಯ ನೆರಳಿನಲ್ಲಿ ಮದ್ದು ಸೊಪ್ಪಿನ ಪೊದೆಗಳಿವೆ. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು, ಅಂದರೆ ಆಗಸ್ಟ್ 3ಕ್ಕೆ, ಅಮ್ಮ ಪಾಯಸಕ್ಕೆಂದು ಅದನ್ನು ಕೊಯ್ದು ಬೇಯಿಸುತ್ತಾರೆ. ನೀರು ಕಡು ನೇರಳೆಯಾಗಿ ಮನೆಯೆಲ್ಲ ಅದರ ಪರಿಮಳ. ಉಪ್ಪಿನ ವರ್ಷ ಬೇಲಿಯ ಒಂದು ಮೂಲೆಗೂ ಪಂಪು ಹಿಡಿದಿದ್ದೆ. ಆ ಆಗಸ್ಟ್‌ನಲ್ಲಿ ಪಾಯಸಕ್ಕೆ ಸೊಪ್ಪು ಸಾಲದೆ ಅಮ್ಮ ನೆರೆಮನೆಗೆ ಹೋಗಬೇಕಾಯಿತು. ಕಾರಣ ಕೇಳಿದಾಗ ಹೇಳಲು ನಾಚಿಕೆಯಾಯಿತು. ಆಮೇಲೆ ಅಲ್ಲಿಗೆ ಕತ್ತಿ ಮಾತ್ರ. ನೆರೆಮನೆಯಿಂದ ತಂದು ನೆಟ್ಟ ಕಡ್ಡಿಗಳು ಈಗ ಸೊಂಟದೆತ್ತರ ಬಂದಿವೆ. ಕಣದ ಕೆಳಗಿನ ಎರಡು ಸಿಲ್ವರ್ ಮರಗಳ ಬುಡದಲ್ಲಿ ಒಂದೂವರೆ ಅಡಿ ಮಣ್ಣು ತೆಗೆದು, ತೋಟದ ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ, ಕಳೆದ ಜೂನ್‌ನಲ್ಲಿ ಹೊಸ ಬಳ್ಳಿ ಹಚ್ಚಿದ್ದೇನೆ. ಒಂದು ಬಳ್ಳಿ ಮರವನ್ನು ಹಿಡಿದುಕೊಂಡಿದೆ. ಇನ್ನೊಂದು ಇನ್ನೂ ನೆಲದ ಮೇಲೇ ಇದೆ.